ಮುಖ್ಯ ಸಾಲಗಾರ್ತಿ

ಮಾರ್ಚ್ 3

ನಾನು ನಂಬಿಕೆಗೆ ಅರ್ಹನಲ್ಲ ಎಂದು ಇಂದು ತೀರ್ಪಾಯಿತು. ತೀರ್ಪು ಕೊಟ್ಟದ್ದು ಮನುಷ್ಯರಲ್ಲ, ಒಂದು ಅಂಕಿ. ಬ್ಯಾಂಕಿನ ಗೃಹಸಾಲ ವಿಭಾಗದ ಅಧಿಕಾರಿಣಿ ತಮ್ಮ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಕೆಂಪಗೆ ಹೊಳೆಯುತ್ತಿದ್ದ ಆ ಅಂಕಿಯನ್ನು ಪೆನ್ನಿನ ತುದಿಯಿಂದ ತೋರಿಸಿದರು.

"ಬೇಜಾರು ಮಾಡ್ಕೋಬೇಡಿ ಸರ್. ಈ ಕ್ರೆಡಿಟ್ ಸ್ಕೋರಿಗೆ ನಾವು ಸೈಕಲ್ಲಿಗೂ ಸಾಲ ಕೊಡಲ್ಲ."

ನಾನು ಲಿಫ್ಟುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅಧಿಕಾರಿ. ನನ್ನ ಸಹಿಯನ್ನು ನಂಬಿ ಈ ಊರಿನ ಸಾವಿರಾರು ಜನ ದಿನವೂ ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಮೇಲಕ್ಕೂ ಕೆಳಕ್ಕೂ ಓಡಾಡುತ್ತಾರೆ. ಅಂಥವನ ಸಹಿ ಸೈಕಲ್ಲಿಗೂ ಸಾಲದಂತೆ. ಹೊರಡುವಾಗ ನಾನೂ ಒಂದು ಮಾತು ಹೇಳಿದೆ: "ನಿಮ್ಮ ಕಟ್ಟಡದ ಲಿಫ್ಟಿನ ಪ್ರಮಾಣಪತ್ರದ ಅವಧಿ ಮುಗಿದಿದೆ. ಆದ್ದರಿಂದಲೇ ನಾನು ಮೆಟ್ಟಿಲು ಹತ್ತಿ ಬಂದೆ." ಅವರು ಅದನ್ನು ತಮಾಷೆಯೆಂದು ತಿಳಿದು ನಕ್ಕರು. ನಾನು ತಮಾಷೆ ಮಾಡುವವನಲ್ಲ.

ವಿಷಯವನ್ನು ಕ್ರಮವಾಗಿ ದಾಖಲಿಸಬೇಕು. ಹತ್ತೊಂಬತ್ತು ವರ್ಷಗಳಿಂದ ನಾವು ಬಾಡಿಗೆಗಿರುವ ಮನೆಯನ್ನು ಅದರ ಒಡತಿ ಮಾರಲು ನಿಶ್ಚಯಿಸಿದ್ದಾರೆ. ಮೊದಲ ಅವಕಾಶ ನಮಗೆ. ಏಪ್ರಿಲ್ ಮುಗಿಯುವುದರೊಳಗೆ ಬ್ಯಾಂಕಿನ ಒಪ್ಪಿಗೆ ತೋರಿಸದಿದ್ದರೆ ಮನೆ ಬೇರೆಯವರ ಪಾಲಾಗುತ್ತದೆ. ಆ ಬೇರೆಯವರು ಇದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಮೂರು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ತಗಡಿನ ಶೆಡ್ಡು. ಇದನ್ನು ಬಿಡಲಾಗದು. ಕಾರಣಗಳನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ಮಾರ್ಚ್ 5

ಆ ಅಂಕಿಯ ಮೂಲ ತಿಳಿಯಿತು. ಆಘಾತವೆಂಬ ಪದವನ್ನು ನಾನು ಅಗ್ಗವಾಗಿ ಬಳಸುವವನಲ್ಲ. ಇಂದು ಬೇರೆ ಪದ ಸಿಗುತ್ತಿಲ್ಲ.

ಮತ್ತೆ ಬ್ಯಾಂಕಿಗೆ ಹೋದಾಗ ಹೆಂಡತಿಯ ತಮ್ಮ ಜೊತೆಗೆ ಬಂದಿದ್ದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಅಧಿಕಾರಿಣಿಯ ಮುಂದೆ ಕುಳಿತವನು, "ನಮ್ಮ ಭಾವ ಮೆಟ್ಟಿಲು ಹತ್ತೋದು ಲಿಫ್ಟಿಗೆ ಹೆದರಿ ಅಲ್ಲ ಮೇಡಂ, ಲಿಫ್ಟೇ ಭಾವನ್ನ ಕಂಡ್ರೆ ಹೆದರಿ ಮಧ್ಯದಲ್ಲಿ ನಿಂತುಬಿಡುತ್ತೆ ಅಂತ" ಎಂದ. ನಾನು ಅವನ ಕಡೆ ನೋಡಿದೆ.

"ಒಂದು ಸ್ಕೂಟರ್ ಸಾಲ ಇದೆ ಸರ್" ಎಂದರು ಅಧಿಕಾರಿಣಿ. "ಕೊನೇ ಹನ್ನೊಂದು ಕಂತು ಕಟ್ಟೇ ಇಲ್ಲ. ಫೈನಾನ್ಸ್ ಕಂಪನಿಯವ್ರು ಕಾದು ಕಾದು, ವಸೂಲಾಗದ ಸಾಲ ಅಂತ ಬರ್ಕೊಂಡಿದಾರೆ."

"ನಾನು ಸ್ಕೂಟರು ಕೊಂಡವನಲ್ಲ."

"ನೀವು ಸಹ-ಸಾಲಗಾರರು. ಮುಖ್ಯ ಸಾಲಗಾರ್ತಿ ಬೇರೆಯವ್ರು." ಪರದೆ ನೋಡಿ ಅವರು ಹೆಸರನ್ನು ಗಟ್ಟಿಯಾಗಿ ಓದಿದರು. ಅಪರಿಚಿತರೊಬ್ಬರ ಬಾಯಲ್ಲಿ ಆ ಹೆಸರನ್ನು ಕೇಳಿ ಬಹಳ ಕಾಲವಾಗಿತ್ತು. ಭಾವಮೈದುನ ಬಾಯಿ ತೆರೆದ. ನಾನು ಮೇಜಿನ ಕೆಳಗೆ ಅವನ ಮೊಣಕಾಲನ್ನು ಒತ್ತಿ ಹಿಡಿದೆ.

"ನನಗೆ ಯಾವ ನೋಟೀಸೂ ಬಂದಿಲ್ಲ."

"ನಿಮ್ಮ ಮನೆಗೇ ಕಳಿಸಿದಾರಲ್ಲ ಸರ್, ಎಷ್ಟೋ ಸಲ."

"ಮುಖ್ಯ ಸಾಲಗಾರ್ತಿಯ ಹೆಸರಿಗೆ ಕಳಿಸಿರಬಹುದು. ಇನ್ನೊಬ್ಬರ ಹೆಸರಿನ ಲಕೋಟೆಯನ್ನು ನಾನು ಒಡೆಯುವುದಿಲ್ಲ."

"ಒಂದೇ ಮನೇಲಿರೋರು ತಾನೇ? ಅವ್ರೇ ನಿಮಗೊಂದು ಮಾತು ಹೇಳ್ಬಹುದಿತ್ತಲ್ಲ ಸರ್?"

ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಸತತವಾಗಿ ಫಲಕ ಗೆದ್ದವನು ನಾನು. ಎದುರಾಳಿಯ ಪ್ರಶ್ನೆಗೆ ಉತ್ತರಿಸದೆ ಕುಳಿತದ್ದು ಇದೇ ಮೊದಲು.

ಮುಖ್ಯ ಸಾಲಗಾರ್ತಿ ಎರಡು ವರ್ಷದ ಹಿಂದೆ, ನಾಲ್ಕೇ ದಿನದ ಜ್ವರದಲ್ಲಿ ತೀರಿಕೊಂಡಳು. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಸ್ಕೂಟರು ಅವಳ ಸಂಬಳದ್ದು, ಕಂತು ಅವಳ ಖಾತೆಯಿಂದ. ಹೊಸ ನೌಕರಿಯೆಂದು ಕಂಪನಿಯವರು ಇನ್ನೊಂದು ಸಹಿ ಕೇಳಿದ್ದರಿಂದ ನಾನು ಹಾಕಿದ್ದೆ. ಅವಳು ಹೋದ ಮೇಲೆ ಖಾತೆಯನ್ನು ಮುಚ್ಚಿಸಿದವನು ಭಾವಮೈದುನ. ಕಂತಿನ ನೆನಪು ಅವನಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಈ ದಿನಚರಿಯಲ್ಲಿ ಅವಳನ್ನು ಮುಖ್ಯ ಸಾಲಗಾರ್ತಿ ಎಂದೇ ಬರೆಯುತ್ತೇನೆ. ಸದ್ಯದ ವಿಷಯಕ್ಕೆ ಸಂಬಂಧಪಟ್ಟ ಸ್ಥಾನ ಅದು.

ಮಾರ್ಚ್ 6

ಶೆಡ್ಡಿಗೆ ಹೋಗಿ ನೋಡಿದೆ. ಸ್ಕೂಟರಿನ ಮೇಲೆ ಹಳೆಯ ಹೊದಿಕೆ ಹಾಗೆಯೇ ಇದೆ. ಎರಡು ವರ್ಷ ನಿಂತ ಗಾಡಿಯ ಚಕ್ರಗಳಲ್ಲಿ ಗಾಳಿ ತುಂಬಿದೆ. ಹೇಗೆ?

ಮಾರ್ಚ್ 8

ಲಕೋಟೆಗಳ ವಿಷಯವಾಗಿ ಅಧಿಕಾರಿಣಿಗೆ ನಾನು ಹೇಳಿದ್ದು ನೆಪವಲ್ಲ, ಈ ಮನೆಯ ಕಾನೂನು. ಅದು ಹೇಗೆ ಬಂತೆಂದು ಬರೆದಿಡುತ್ತೇನೆ.

ನಮ್ಮ ಮನೆಯಲ್ಲಿ ಯಾವ ತಕರಾರೂ ಕೂಗಾಟದಲ್ಲಿ ಮುಗಿಯಬಾರದೆಂದು ನಾನು ಒಂದು ಪದ್ಧತಿ ಮಾಡಿದ್ದೆ. ಭಾನುವಾರ ಊಟವಾದ ಮೇಲೆ ಎರಡು ಪಕ್ಷದವರೂ ಎದ್ದುನಿಂತು ತಲಾ ಮೂರು ನಿಮಿಷ ವಾದಿಸಬೇಕು. ಸ್ಟೀಲ್ ಲೋಟವನ್ನು ಬೋರಲು ಹಾಕಿ ಚಮಚದಿಂದ ಒಮ್ಮೆ ಬಾರಿಸಿದರೆ ಸಮಯ ಮುಗಿಯುತ್ತ ಬಂತೆಂದು ಅರ್ಥ. ಎರಡು ಸಲ ಬಾರಿಸಿದರೆ ಬಾಯಿ ಮುಚ್ಚಬೇಕು. ವಾದಿಸುತ್ತಿದ್ದದ್ದು ಹೆಚ್ಚಾಗಿ ನಾನು ಮತ್ತು ಭಾವಮೈದುನ, ಬಾರಿಸುವ ಕೆಲಸ ಮುಖ್ಯ ಸಾಲಗಾರ್ತಿಯದು. ಐದು ವರ್ಷದವಳಿದ್ದಾಗಲೇ ಆ ಅಧಿಕಾರ ಹಿಡಿದಿದ್ದಳು. ಸೋದರಮಾವ ಅದಕ್ಕೇ ಗಂಟೆಯ ಮೇಲೆ ಒಂದು ಅಡ್ಡಹೆಸರು ಇಟ್ಟಿದ್ದ. ಅದನ್ನು ಇಲ್ಲಿ ಬರೆಯುವುದಿಲ್ಲ. ಇವಳು, ಅಂದರೆ ನನ್ನ ಹೆಂಡತಿ, ಎಂದೂ ವಾದಕ್ಕೆ ನಿಂತವಳಲ್ಲ. ಸಭಿಕಳು.

ಹದಿಮೂರರ ವಯಸ್ಸಿನಲ್ಲಿ ಮುಖ್ಯ ಸಾಲಗಾರ್ತಿಗೆ ಗೆಳತಿಯೊಬ್ಬಳು ಬರೆದ ಪತ್ರವನ್ನು ಇವಳು ಒಡೆದು ಓದಿಬಿಟ್ಟಳು. ಆ ಭಾನುವಾರ ಹುಡುಗಿ ಚಮಚವನ್ನು ನನ್ನ ಕೈಗೆ ಕೊಟ್ಟು ತಾನೇ ವಾದಕ್ಕೆ ನಿಂತಳು. "ಲಕೋಟೆ ಮೇಲಿರೋ ಹೆಸರು ಅಂದ್ರೆ ಒಂದು ಬಾಗಿಲು. ಬಾಗಿಲು ಅಂದ್ಮೇಲೆ ತಟ್ಟಬೇಕು, ಒಳಗಿರೋರು ಬನ್ನಿ ಅನ್ನೋವರೆಗೂ ಕಾಯಬೇಕು. ಅಮ್ಮ ಆದ್ರೂ ಸರಿ, ಅಪ್ಪ ಆದ್ರೂ ಸರಿ" ಎಂದಳು. ಒಂದು ನಿಮಿಷವೂ ಆಗಿರಲಿಲ್ಲ. ನಾನು ತೀರ್ಪನ್ನು ಅವಳ ಪರವಾಗಿ ಕೊಟ್ಟೆ. ಅಂದಿನಿಂದ ಈ ಮನೆಯಲ್ಲಿ ಯಾರೂ ಇನ್ನೊಬ್ಬರ ಅಂಚೆಯನ್ನು ಒಡೆದಿಲ್ಲ, ಅವಳ ಕೋಣೆಯ ಬಾಗಿಲನ್ನು ತಟ್ಟದೆ ತೆರೆದಿಲ್ಲ.

ಫೈನಾನ್ಸ್ ಕಂಪನಿಯ ಲಕೋಟೆಗಳು ಬಂದಾಗಲೆಲ್ಲ ನಾನು ಅವನ್ನು ಆ ಬಾಗಿಲಿನ ಸಂದಿಯಿಂದ ಒಳಕ್ಕೆ ತಳ್ಳಿದ್ದೇನೆ. ತಪ್ಪೇನು ಮಾಡಿದೆ? ತೀರ್ಪು ಇಂದಿಗೂ ಜಾರಿಯಲ್ಲಿದೆ.

ಮಾರ್ಚ್ 11

ಫೈನಾನ್ಸ್ ಕಂಪನಿಗೆ ಹೋಗಿ ಬಾಕಿಯನ್ನು ಬಡ್ಡಿ ಸಮೇತ ಒಂದೇ ಸಲಕ್ಕೆ ತೀರಿಸಿದೆ. ಹಣವಿಲ್ಲದೆ ನಿಂತ ಕಂತಲ್ಲ ಅದು. ಸಂಬಳದ ಒಂದು ಪಾಲಿನಲ್ಲಿ ಮುಗಿಯುವಷ್ಟು. ಅಷ್ಟಕ್ಕಾಗಿ ಒಂದು ಮನೆ ಕೈಬಿಡುವ ಹಂತಕ್ಕೆ ಬಂದಿದೆಯೆಂದರೆ ನಂಬುವುದು ಕಷ್ಟ.

"ನನಗೆ ಒಂದು ಫೋನೂ ಮಾಡಲಿಲ್ಲವಲ್ಲ" ಎಂದು ಗುಮಾಸ್ತನನ್ನು ತರಾಟೆಗೆ ತೆಗೆದುಕೊಂಡೆ.

"ಮಾಡದೆ ಏನ್ ಸರ್, ಎರಡು ನಂಬರಿಗೂ ಮಾಡಿ ಸಾಕಾಯ್ತು. ಸ್ವಿಚ್ ಆಫು." ಅರ್ಜಿಯನ್ನು ತೋರಿಸಿದ. ಮುಖ್ಯ ಸಾಲಗಾರ್ತಿಯ ಮುಂದೆ ಅವಳ ನಂಬರು. ಸಹ-ಸಾಲಗಾರನ ಮುಂದೆಯೂ ಅವಳದೇ ನಂಬರು, ಅವಳದೇ ಅಕ್ಷರದಲ್ಲಿ.

"ಮನೆ ಹಿರಿಯರಿಗೆ ತೊಂದ್ರೆ ಬೇಡ ಅಂತ ತುಂಬ ಜನ ಹೀಗೇ ಬರೀತಾರೆ ಸರ್" ಎಂದ.

ಆ ಫೋನು ಇವಳ ಬೀರುವಿನಲ್ಲಿ ಸೀರೆಗಳ ಕೆಳಗಿದೆ.

ಮಾರ್ಚ್ 14

ಅಂಕಿ ಸರಿಹೋಗಲು ಕಾಲ ಬೇಕಂತೆ. ಆದರೆ ಕಂತು ತಪ್ಪಿದ್ದಕ್ಕೆ ಸಮರ್ಪಕವಾದ ವಿವರಣೆಯನ್ನು ಬರೆದುಕೊಟ್ಟರೆ ಬ್ಯಾಂಕಿನ ಸಮಿತಿ ವಿನಾಯಿತಿ ಕೊಡಬಹುದೆಂದು ಅಧಿಕಾರಿಣಿ ಹೇಳಿದ್ದಾರೆ. ಇದು ನನ್ನ ಕ್ಷೇತ್ರ. ನಾಲ್ಕು ಪುಟ ಬರೆದೆ. ಸಹ-ಸಾಲಗಾರನಿಗೆ ಪ್ರತ್ಯೇಕವಾಗಿ ನೋಟೀಸು ಕೊಡಬೇಕಾದ ಕರ್ತವ್ಯ, ಅದು ತಪ್ಪಿದಾಗ ಬರುವ ಹೊಣೆ, ನನ್ನ ಉಳಿದ ವ್ಯವಹಾರಗಳ ಶುದ್ಧತೆ. ಎಲ್ಲವೂ ಅದರದರ ಜಾಗದಲ್ಲಿವೆ.

ಸಂಜೆ ಭಾವಮೈದುನ ಬಂದು ಓದಿದ. ಮುಖ ಹುಳ್ಳಗಾಯಿತು.

"ಭಾವ, ಇದ್ರಲ್ಲಿ ಅವ್ಳು ಎಲ್ಲಿದಾಳೆ?"

"ಎರಡನೆಯ ಪುಟ. ಮುಖ್ಯ ಸಾಲಗಾರ್ತಿ."

"ಅದಲ್ಲ ಭಾವ. ಅವ್ಳು ಇಲ್ಲ ಅನ್ನೋದು ಎಲ್ಲಿದೆ?"

"ಅದು ವಾದವಲ್ಲ. ಸಾವನ್ನು ಮುಂದೆ ಹಿಡಿದು ಕೈ ಚಾಚುವುದು. ತೀರ್ಪುಗಾರರ ಕಣ್ಣಲ್ಲಿ ನೀರು ತರಿಸಿ ಗೆಲ್ಲುವವರನ್ನು ನಾನು ವೇದಿಕೆಯಲ್ಲೇ ಜರೆದವನು."

"ಅಯ್ಯೋ, ಇಲ್ಲಿ ಕಪ್ ಕೊಡ್ತಿಲ್ಲ ಭಾವ, ಮನೆ ಹೋಗ್ತಿದೆ!" ಎಂದು ಅಕ್ಕನ ಕಡೆ ತಿರುಗಿದ. "ಅಕ್ಕಾ, ನೀನಾದ್ರೂ ಹೇಳೇ."

ಇವಳು ಬಟ್ಟೆ ಮಡಚುತ್ತಿದ್ದಳು. "ನಂಗೇನೋ ಗೊತ್ತಾಗುತ್ತೆ? ನಾನು ಕೇಳೋಳು" ಎಂದಳು.

ಪತ್ರವನ್ನು ಇದ್ದಂತೆಯೇ ಕಳಿಸಿದ್ದೇನೆ.

ಮಾರ್ಚ್ 20

ಇಂದಿನದನ್ನು ಇಂದೇ ಬರೆದಿಡಬೇಕು. ಅಕ್ಷರ ಕೆಟ್ಟರೆ ಕೆಡಲಿ.

ಸಾಲ ಕೇಳಿದವರ ಮನೆಗೆ ಬಂದು ವಿವರ ತಾಳೆ ನೋಡುವವನನ್ನು ಬ್ಯಾಂಕು ಇಂದು ಕಳಿಸಿತ್ತು. ಐವತ್ತರ ಆಸುಪಾಸಿನ ಮನುಷ್ಯ. ಬೆವರಿದ ಅಂಗಿ, ಕೈಯಲ್ಲಿ ಬಿರುಕುಬಿಟ್ಟ ಫೋನು. ಕುಳಿತವನು ತಲೆಯೆತ್ತದೆ ಒಂದೊಂದೇ ಪ್ರಶ್ನೆ ಕೇಳಿ ಫೋನಿನಲ್ಲಿ ಒತ್ತಿಕೊಳ್ಳುತ್ತಿದ್ದ. ಎಷ್ಟು ವರ್ಷದಿಂದ ಇದ್ದೀರಿ, ನೀರಿನ ಸಂಪರ್ಕ ಇದೆಯೇ, ಗಾಡಿ ಇದೆಯೇ.

"ಮನೇಲಿ ಎಷ್ಟು ಜನ ಸರ್?"

"ಮೂವರು."

ಹೇಳಿದವನು ನಾನೇ. ನನ್ನ ಬಾಯಿಂದಲೇ, ನನ್ನ ಧ್ವನಿಯಲ್ಲೇ ಬಂತು. ಶಾಲೆಯ ಅರ್ಜಿ, ಗ್ಯಾಸಿನ ಅರ್ಜಿ, ಜನಗಣತಿ, ಎಲ್ಲಕ್ಕೂ ಇಷ್ಟು ವರ್ಷ ಕೊಟ್ಟ ಉತ್ತರ. ನಾಲಿಗೆ ನನ್ನನ್ನು ಕೇಳಲಿಲ್ಲ.

ತಕ್ಷಣ ತಿದ್ದಬೇಕಿತ್ತು. ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಮೂರನೆಯವ್ರು ಯಾರು?" ಎಂದ.

"ಮಗಳು" ಎಂದಳು ಇವಳು. ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಓದ್ತಿದಾರಾ, ಕೆಲಸಾನಾ?"

"ಕೆಲಸ."

"ಈಗ ಮನೇಲಿದಾರಾ ಅಮ್ಮ?"

"ಈಗಷ್ಟೇ ಹೊರಗೆ ಹೋದ್ಲು. ನೀವು ಸ್ವಲ್ಪ ಮುಂಚೆ ಬಂದಿದ್ರೆ ಸಿಕ್ತಿದ್ಲು."

ಅವನು ಒತ್ತಿಕೊಂಡ. ಮುಚ್ಚಿದ ಬಾಗಿಲನ್ನು ನೋಡಿ, "ಆ ರೂಮು ಅವ್ರದಾ? ಬಿಡಿ, ಹೆಣ್ಮಕ್ಕಳ ರೂಮು, ಆಮೇಲೆ ನೋಡಿದ್ರಾಯ್ತು" ಎಂದು ನೀರು ಕುಡಿದು ಹೋದ.

ಅವನ ಬೈಕಿನ ಸದ್ದು ಬೀದಿಯ ತುದಿಯಲ್ಲಿ ಕರಗುವವರೆಗೂ ನಾವಿಬ್ಬರೂ ಇದ್ದಲ್ಲೇ ಇದ್ದೆವು. ಒಬ್ಬರನ್ನೊಬ್ಬರು ನೋಡಲಿಲ್ಲ.

ಮಾರ್ಚ್ 21

ಬೆಳಿಗ್ಗೆ ಕೇಳಿದೆ. "ನಿನ್ನೆ ಸುಳ್ಳು ಹೇಳಿದೆಯಲ್ಲ, ಏಕೆ?"

"ಮೂರು ಅಂದೋರು ನೀವು" ಎಂದಳು. "ನಾನ್ಯಾಕೆ ಕಮ್ಮಿ ಮಾಡ್ಲಿ?"

ಇದಕ್ಕೆ ಪ್ರತಿವಾದವಿದೆ. ಖಂಡಿತವಾಗಿಯೂ ಇದೆ. ಕಚೇರಿಗೆ ಹೊತ್ತಾದ್ದರಿಂದ ಹೇಳಲಿಲ್ಲ.

ಮಾರ್ಚ್ 23

ಇಂದು ಆಸ್ಪತ್ರೆಯೊಂದರ ಲಿಫ್ಟಿನ ಪರೀಕ್ಷೆ. ಒಳಗಿನ ಫಲಕದಲ್ಲಿ ಎಷ್ಟು ಜನ ಹತ್ತಬಹುದೆಂದು ಬರೆದಿರುವುದನ್ನು ತಾಳೆ ನೋಡಬೇಕು. ಓದಿದೆ, ಬರೆದುಕೊಂಡೆ, ಮತ್ತೆ ಓದಿದೆ. ಸಹಾಯಕ, "ಸರಿಯಾಗಿದೆ ಸರ್, ಆಗ್ಲೇ ಬರ್ಕೊಂಡ್ರಿ" ಎಂದ.

ಹಿಂದಿರುಗಿದಾಗ ಶೆಡ್ಡಿನಿಂದ ಉಸ್ ಉಸ್ ಎಂಬ ಸದ್ದು. ಇವಳು ಸೆರಗು ಸಿಕ್ಕಿಸಿ, ಸೈಕಲ್ ಪಂಪಿನಿಂದ ಸ್ಕೂಟರಿನ ಹಿಂದಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದಳು. ಎರಡು ವರ್ಷದಿಂದ ನಡೆದಿರಬೇಕು. ಒಂದೇ ಸೂರಿನ ಕೆಳಗೆ ನಾನು ಕಂಡಿರಲಿಲ್ಲ. ಸದ್ದು ಮಾಡದೆ ಮುಂಬಾಗಿಲಿಂದ ಒಳಗೆ ಬಂದೆ.

ಮಾರ್ಚ್ 27

ಬ್ಯಾಂಕಿನಿಂದ ಕರೆ ಬಂತು. ಕೂಡಲೇ ಬನ್ನಿ, ಒಳ್ಳೆಯ ಸುದ್ದಿ. ಹೋದೆ. ಆ ಒಳ್ಳೆಯ ಸುದ್ದಿಯನ್ನು ಬರೆಯುತ್ತೇನೆ.

"ಏನ್ ಸರ್ ನೀವು!" ಎಂದರು ಅಧಿಕಾರಿಣಿ, ಕುಳಿತುಕೊಳ್ಳುವ ಮೊದಲೇ. "ಅರ್ಜೀಲಿ ಇಬ್ಬರು ಅಂತ ಬರೆದಿದೀರ. ನಮ್ಮವ್ರು ಹೋಗಿ ನೋಡಿದ್ರೆ ಮೂರು ಜನ, ಅದ್ರಲ್ಲೂ ದುಡಿಯೋ ಮಗಳು! ಮುಂಚೆನೇ ಹೇಳಿದ್ರೆ ಇಷ್ಟು ಓಡಾಟ ಇತ್ತಾ? ಆಕೇನ ಒಂದು ದಿನ ಕರ್ಕೊಂಡು ಬನ್ನಿ. ಅರ್ಜಿಗೆ ಸೇರಿಸ್ಕೊಳ್ಳೋಣ, ಇಬ್ಬರ ಸಂಬಳ ಆಗುತ್ತೆ. ಸ್ಕೂಟರ್ ವಿಷಯಕ್ಕೂ ಆಕೇನೇ ಒಂದು ತಪ್ಪೊಪ್ಪಿಗೆ ಬರೆದುಕೊಟ್ರೆ ಸಮಿತಿ ಮುಂದೆ ನಾನು ಮಾತಾಡ್ತೀನಿ."

ಹೇಳಬೇಕಾದ್ದು ಒಂದೇ ವಾಕ್ಯ. ನಾಲ್ಕು ಪುಟ ಬರೆದವನಿಗೆ ಆ ಒಂದು ವಾಕ್ಯ ಹೊರಡಲಿಲ್ಲ.

ನನ್ನ ಮೌನವನ್ನು ಅವರು ಬೇರೆ ರೀತಿ ತಿಳಿದರು. ಧ್ವನಿ ಇಳಿಸಿದರು. "ನಿಮ್ಮ ಸಂಕಟ ಅರ್ಥ ಆಗುತ್ತೆ ಸರ್. ನಾಲ್ಕು ಪುಟ ಓದಿದೆ. ಮಗಳನ್ನ ಬಿಟ್ಟುಕೊಡದೆ ಬರೆದಿದೀರ. ಆದ್ರೆ ಫೈನಾನ್ಸ್ ಕಂಪನಿಯವ್ರ ಟಿಪ್ಪಣಿ ನೋಡಿ." ಓದಿದರು: "'ಸಾಲಗಾರ್ತಿ ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ. ಸಿಬ್ಬಂದಿ ಮನೆಗೆ ಹೋದಾಗ ತಂದೆ, ಮನೆಯಲ್ಲಿಲ್ಲ ಎಂದು ಬಾಗಿಲು ಹಾಕಿದರು.' ಈಗಿನ ಮಕ್ಕಳೇ ಹಂಗೆ ಸರ್. ತಾವು ಮಜಾ ಮಾಡಿ, ಅಪ್ಪನ ಹೆಸರಿಗೆ ಮಸಿ ಬಳಿದು ಕೂತಿರ್ತಾರೆ."

ಬಾಗಿಲು ಹಾಕಿದ್ದು ನೆನಪಿದೆ. ಯಾರೋ ಬಂದು ಅವಳ ಹೆಸರು ಹಿಡಿದು ಕೇಳಿದ್ದ. ಮನೆಯಲ್ಲಿಲ್ಲ ಎಂದಿದ್ದೆ. ಅದು ಸುಳ್ಳೇ?

ಎದ್ದು ಬಂದೆ. ಮೆಟ್ಟಿಲು ಇಳಿದದ್ದು ನೆನಪಿಲ್ಲ. ಮಜಾ ಮಾಡಿದವಳಂತೆ. ಒಂದು ಕಂತನ್ನೂ ಒಂದು ದಿನ ತಡಮಾಡದವಳು. ಜ್ವರದ ಎರಡನೆಯ ದಿನ, ಕಣ್ಣು ಬಿಡಲಾಗದೆ, "ಅಪ್ಪ, ಐದನೇ ತಾರೀಖು ಆಯ್ತಾ? ಖಾತೇಲಿ ದುಡ್ಡಿದೆ ತಾನೆ?" ಎಂದು ಕೇಳಿದವಳು ನನ್ನ ಮಗಳು.

ಮಾರ್ಚ್ 29

ಭಾನುವಾರ. ಊಟವಾದ ಮೇಲೆ ನಾನು ತಟ್ಟೆಯ ಮುಂದೆಯೇ ಕುಳಿತಿದ್ದೆ. ಮೊನ್ನೆ ಬ್ಯಾಂಕಿನಲ್ಲಿ ನಡೆದದ್ದನ್ನು ಇವಳಿಗೆ ಆಗಷ್ಟೇ ಹೇಳಿದ್ದೆ. ಇವಳು ಎದ್ದು ಒಳಗೆ ಹೋಗಿ ಸ್ಟೀಲ್ ಲೋಟ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಚಮಚವನ್ನು ನನ್ನ ಮುಂದಿಟ್ಟಳು.

"ನಂಗೆ ಮೂರು ನಿಮಿಷ ಬೇಕು" ಎಂದಳು.

ಇಷ್ಟು ವರ್ಷದಲ್ಲಿ ಮೊದಲ ಸಲ. ಎದ್ದುನಿಂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನೀವು ಅವ್ಳ ಹೆಸರಲ್ಲಿ ಭಿಕ್ಷೆ ಬೇಡಲ್ಲ ಅಂದ್ರಿ. ಸರಿ, ನಾನೂ ಒಪ್ಪಿದೆ. ಸುಮ್ನಿದ್ರಿ. ನಾನೂ ಸುಮ್ನಿದ್ದೆ. ಅಷ್ಟೇ ಅಲ್ಲ, ಹೊರಗೆ ಹೋಗಿದಾಳೆ ಅಂತಾನೂ ಅಂದೆ. ನಮಗೆ ಹಾಯಾಗಿತ್ತು. ಆದ್ರೆ ನಾವಿಬ್ರೂ ಹಿಂಗೆ ಅವ್ಳನ್ನ ಮನೇಲಿ ಇಟ್ಕೊಂಡು, ಊರವ್ರ ಮುಂದೆ ಕಳ್ಳಿ ಮಾಡಿದ್ವಿ. ಅವ್ಳು ಬಂದು ಇಲ್ಲ ಅನ್ನೋಕಾಗಲ್ಲ. ವಾದ ಮಾಡೋಕೆ ಅವ್ಳಿಗೆ ಬಾಯಿಲ್ಲ. ನಿಮಗಿದೆ. ಅಷ್ಟೇ."

ಕುಳಿತುಬಿಟ್ಟಳು. ಚಮಚ ನನ್ನ ಕೈಯಲ್ಲೇ ಇತ್ತು. ಬಾರಿಸುವ ಪ್ರಮೇಯವೇ ಬರಲಿಲ್ಲ.

ಮಾರ್ಚ್ 30

ಬ್ಯಾಂಕಿಗೆ ಇಬ್ಬರೂ ಹೋದೆವು. ನಾನು ಮೆಟ್ಟಿಲ ಕಡೆ ತಿರುಗಿದಾಗ ಇವಳು ಲಿಫ್ಟಿನ ಗುಂಡಿ ಒತ್ತಿದಳು.

"ಪ್ರಮಾಣಪತ್ರ ಇಲ್ಲ" ಎಂದೆ.

"ನನ್ನ ಮೊಣಕಾಲಿಗೂ ಇಲ್ಲ. ನೀವು ಮೆಟ್ಟಿಲಲ್ಲಿ ಬನ್ನಿ, ಮೇಲೆ ಸಿಗೋಣ."

ಬಾಗಿಲು ಮುಚ್ಚುವ ಮುನ್ನ ನಾನೂ ಒಳಗೆ ನುಗ್ಗಿದೆ. ಹಗ್ಗ ಹಳೆಯದು, ಸದ್ದಿನಲ್ಲೇ ತಿಳಿಯುತ್ತದೆ. ಇವಳು ನನ್ನ ತೋಳು ಹಿಡಿದಿದ್ದಳು. ಅಥವಾ ನಾನು ಇವಳದು.

ಅಧಿಕಾರಿಣಿ ನಮ್ಮ ಹಿಂದೆ ಇಣುಕಿ ನೋಡಿದರು. "ಮಗಳು ಬರ್ಲಿಲ್ವಾ?"

ನಾನು ನಿಂತೇ ಇದ್ದೆ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಪೀಠಿಕೆ ಎಲ್ಲಿ ಹೋಯಿತೋ.

"ನನ್ನ ಮಗಳು ಕಂತು ತಪ್ಪಿಸಿದವಳಲ್ಲ" ಎಂದೆ. "ಬದುಕಿರುವ ತನಕ ಒಂದನ್ನೂ ತಪ್ಪಿಸಲಿಲ್ಲ. ತಪ್ಪಿದ ಕಂತುಗಳೆಲ್ಲ ಅವಳು ಸತ್ತ ಮೇಲಿನವು. ಲಕೋಟೆ ಒಡೆಯದವನು ನಾನು. ಬಾಗಿಲು ಹಾಕಿದವನು ನಾನು. ಸಾಲ ಕೊಡುವುದು, ಬಿಡುವುದು ನಿಮಗೆ ಸೇರಿದ್ದು. ಆ ಟಿಪ್ಪಣಿ ಮಾತ್ರ ಅವಳ ಹೆಸರಿನ ಮುಂದೆ ಇರಬಾರದು."

ಮರಣ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟೆ.

ಅವರು ಅದನ್ನು ಓದಿದರು. ದಿನಾಂಕ ನೋಡಿ, ಪರದೆಯಲ್ಲಿ ಕಂತುಗಳ ದಿನಾಂಕ ನೋಡಿ, ಮತ್ತೆ ಅದನ್ನು ನೋಡಿದರು. ಪೆನ್ನು ಕೆಳಗಿಟ್ಟರು.

"ಸರ್, ನಾನು ಮೊನ್ನೆ ಏನೇನೋ ಅಂದ್ನಲ್ಲ... ಒಂದು ಮಾತು ಹೇಳೋದಲ್ವಾ?"

"ಅವ್ರಿಗೆ ಒಂದು ಮಾತು ಬರಲ್ಲಮ್ಮ" ಎಂದಳು ಇವಳು. "ಮಾತಾಡಿದ್ರೆ ಮೂರು ನಿಮಿಷದ್ದೇ ಬರೋದು."

ಮೊದಲು ನಕ್ಕವರು ಯಾರೆಂದು ತಿಳಿಯದು. ನಾನು ನಗಲಿಲ್ಲವೆಂದೇ ನನ್ನ ನೆನಪು. ಆದರೆ ಅಧಿಕಾರಿಣಿ ನನಗೆ ಕಾಗದದ ಕರವಸ್ತ್ರ ಕೊಟ್ಟರು, ನಾನು ಅದನ್ನು ಬಳಸಿದೆ. ಅಲ್ಲಿ ಧೂಳು ಹೆಚ್ಚು.

ಏಪ್ರಿಲ್ 9

ಸಮಿತಿ ಒಪ್ಪಿದೆ. ಆದರೆ ಒಂದು ಷರತ್ತು. ಮನೆಯ ತಪಾಸಣೆಯ ವರದಿ ತಪ್ಪಾಗಿರುವುದರಿಂದ ಅದೇ ಮನುಷ್ಯ ಮತ್ತೊಮ್ಮೆ ಬಂದು, ಇರುವವರ ಸಂಖ್ಯೆಯನ್ನು ನಮ್ಮ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು, ಎಲ್ಲ ಕೋಣೆಗಳ ಚಿತ್ರ ತೆಗೆಯಬೇಕು. ಅದು ಸರಿಯಾದರೆ ಒಪ್ಪಿಗೆ ಪತ್ರ ಕೈಗೆ.

ಭಾವಮೈದುನ ಕುಣಿದಾಡಿದ. "ಭಾವ, ಒಂದೇ ಪ್ರಶ್ನೆ, ಒಂದೇ ಉತ್ತರ. ಪಾಸಾಗ್ಬಿಡಿ."

ಅವನಿಗೆ ಸುಲಭ. ನಾನು ಕನ್ನಡಿಯ ಮುಂದೆ ಒಮ್ಮೆ ಹೇಳಿ ನೋಡಿದೆ. ಎರಡನೆಯ ಸಲ ಹೇಳಲು ಹೋಗಲಿಲ್ಲ.

ಏಪ್ರಿಲ್ 11

ಅವನು ಬಂದ. ಈ ಸಲ ಚಪ್ಪಲಿಯನ್ನು ಹೊರಗೇ ಬಿಟ್ಟು, ಕುರ್ಚಿಯ ಅಂಚಿನಲ್ಲಿ ಕುಳಿತ. ಅವನಿಗೆ ಎಲ್ಲ ಹೇಳಿದ್ದರೆಂದು ಕಾಣುತ್ತದೆ. ಎಷ್ಟು ವರ್ಷದಿಂದ ಇದ್ದೀರಿ, ನೀರಿದೆಯೇ, ಗಾಡಿಯಿದೆಯೇ. "ಇದೆ, ಸ್ಕೂಟರು. ಓಡುವ ಸ್ಥಿತಿಯಲ್ಲಿದೆ" ಎಂದೆ. ಒತ್ತಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಸರ್, ಕೇಳಲೇಬೇಕು. ತಪ್ಪು ತಿಳ್ಕೋಬೇಡಿ. ಮನೇಲಿ... ಎಷ್ಟು ಜನ?"

ಉತ್ತರ ಗೊತ್ತಿತ್ತು. ಅದು ಗಂಟಲಿನವರೆಗೂ ಬಂದು ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಂತೆ ನಿಂತುಬಿಟ್ಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಅವನು ಫೋನು ನೋಡುತ್ತ ಕಾದ. ಗೋಡೆಯ ಗಡಿಯಾರ ಕೇಳಿಸುತ್ತಿತ್ತು.

ಅಡುಗೆಮನೆಯಿಂದ ಲೋಟದ ಮೇಲೆ ಚಮಚದ ಸದ್ದು ಬಂತು. ಒಂದೇ ಸಲ.

ಗಂಟೆಮ್ಮ ಬಾರಿಸುತ್ತಿದ್ದದ್ದೂ ಹೀಗೆಯೇ. ಜೋರಾಗಿ ಅಲ್ಲ, ನಾನಿದ್ದೇನೆ ಎಂಬಷ್ಟೇ.

"ಇಬ್ಬರು" ಎಂದೆ.

ಅವನು ಒತ್ತಿಕೊಂಡ. ನಾನು ಕುಳಿತೇ ಇದ್ದೆ, ಮನೆ ನಿಂತೇ ಇತ್ತು. ಇವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಇನ್ನು ಫೋಟೋ" ಎಂದು ಎದ್ದ. ಹಜಾರ, ಅಡುಗೆಮನೆ, ನಮ್ಮ ಕೋಣೆ. ಕೊನೆಗೆ ಮುಚ್ಚಿದ ಬಾಗಿಲ ಬಳಿ ಬಂದು ಹಿಡಿಕೆಯ ಮೇಲೆ ಕೈಯಿಟ್ಟ. "ಇದನ್ನ ಖಾಲಿ ರೂಮು ಅಂತ ಹಾಕ್ಲಾ ಸರ್?"

"ಮಗಳ ಕೋಣೆ ಎಂದು ಹಾಕಿ. ಸ್ವಲ್ಪ ಕೈ ತೆಗೆಯಿರಿ. ಮೊದಲು ತಟ್ಟಬೇಕು."

ಅವನು ನನ್ನ ಮುಖ ನೋಡಿದ, ಇವಳ ಮುಖ ನೋಡಿದ. ಫೋನನ್ನು ಜೇಬಿಗಿಟ್ಟುಕೊಂಡು, ಬೆರಳ ಗೆಣ್ಣಿನಿಂದ ಮೆಲ್ಲಗೆ ಬಾಗಿಲು ತಟ್ಟಿದ.

ಒಳಗಿನವರು ಬನ್ನಿ ಎನ್ನಲು ಬೇಕಾಗುವಷ್ಟು ಹೊತ್ತು ನಾವು ಮೂವರೂ ಕಾದೆವು. ಆಮೇಲೆ ಇವಳು ಬಾಗಿಲು ತೆರೆದಳು.